ಮೂಕಿಯ ಭಾರ

ಟೂವೂಂಬಾದ ಜೇಮ್ಸ್ ಸ್ಟ್ರೀಟಿನಲ್ಲಿ, ಹಳೇ ಕಾರುಗಳ ಅಂಗಳದಲ್ಲಿ
ಎರಡು ಗಾಡಿಗಳ ನಡುವೆ ಇದು ನಮ್ಮ ಮೂರನೇ ಶನಿವಾರ.
ಒಂದು ಹೈಬ್ರಿಡ್, ನೀಲಿ, ಬೆಕ್ಕಿನ ಹಾಗೆ ಸದ್ದಿಲ್ಲದ್ದು.
ಇನ್ನೊಂದು ಡೀಸೆಲ್, ಬಿಳಿ; ಬಾಗಿಲು ಎಳೆದರೆ
ಕಣಜಕ್ಕೆ ಮುಚ್ಚಳ ಹಾಕಿದ ಶಬ್ದ.

ವಿಠೋಬ ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು
ಅಂಕಿಗಳನ್ನು ಅಕ್ಕಿಯ ಕಲ್ಲಿನಂತೆ ಹೆಕ್ಕುತ್ತಾನೆ.
ನೋಟದ ನಟ್ಟನಡುವೆ ಮಸಿ ಬಿದ್ದು ಎರಡು ವರ್ಷ,
ಲೈಸೆನ್ಸ್ ಹಿಂದಿರುಗಿಸಿ ಹದಿನಾಲ್ಕು ತಿಂಗಳು.
"ನೀಲಿ ಎಳೆಯೂದು ಸಾವಿರದೈನೂರು ಕಿಲೋ,
ಕ್ಯಾರವಾನು ತುಂಬಿದ್ರೆ ಸಾವಿರದ ಮುನ್ನೂರು.
ಸಾಕಲ್ಲ, ಮಾರಾಯ್ತಿ?"

ಓಡಿಸುವವಳು ನಾನು.
ದಿನಾ ಶಾಲೆಯ ಬಸ್ಸಿನಲ್ಲಿ ನಲವತ್ತೊಂದು ಮಕ್ಕಳನ್ನು ಹೊರುವವಳು.
ಸಾಕು ಎಂಬ ಮಾತಿಗೆ
ಘಟ್ಟದ ಬುಡದಲ್ಲೊಂದು ಅರ್ಥ, ನೆತ್ತಿಯಲ್ಲೊಂದು.

ಮಾರಾಟದ ಡೆನಿಸ್ ಟೊಪ್ಪಿ ಹಿಂದಕ್ಕೆ ಸರಿಸಿ
ನಾಲ್ಕು ಗಾಲಿಗಳ ಪುರಾಣ ಬಿಚ್ಚಿದ:
ನೀಲಿಯದರಲ್ಲಿ ಮುಂದಿನ ಗಾಲಿಗಳೇ ಯಜಮಾನರು,
ಹಿಂದಿನವು ಜಾರಿದಾಗ ಕರೆದರೆ ಬರುವ ಕೂಲಿಯಾಳು.
ಬಿಳಿಯದರಲ್ಲಿ ದುಡಿಮೆಯೆಲ್ಲ ಹಿಂದಿನವರದು,
ಗುಂಡಿ ತಿರುಗಿಸಿದರೆ ಮುಂದಿನವೂ ಹೆಗಲು ಕೊಡುತ್ತವೆ,
ಇನ್ನೊಮ್ಮೆ ತಿರುಗಿಸಿದರೆ ಲೋ ರೇಂಜು—
ಆಮೆಯ ನಡಿಗೆ, ಆನೆಯ ಭುಜ.

ಎತ್ತು ಏರಿಗೆ, ಕೋಣ ನೀರಿಗೆ, ಅಂದೆ.
ವಿಠೋಬ ಬಿದ್ದು ಬಿದ್ದು ನಕ್ಕ. ಡೆನಿಸ್ ಕೂಡ ನಕ್ಕ,
ವ್ಯಾಪಾರ ಕುದುರಿತೆಂದು.

ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ
ನನ್ನ ಸೋದರತ್ತೆ ಬೊಮ್ಮಕ್ಕ ಗಾಡಿಗೆ ಹೇರು ಹಾಕಿಸುತ್ತಿದ್ದಳು.
ಚೀಲ ಎಣಿಸುತ್ತಿರಲಿಲ್ಲ. ಮೂಕಿಯನ್ನು ಒಂದೇ ಕೈಯಲ್ಲಿ ಎತ್ತಿ,
"ಹಿಂಭಾರ. ಎರಡು ಚೀಲ ಮುಂದೆ ತಳ್ಳಿ."
ಹಿಂಭಾರವಾದರೆ ನೊಗ ಎದ್ದು ಎತ್ತಿನ ಕೊರಳು ಬಿಗಿಯುತ್ತದೆ,
ಮುಂಭಾರವಾದರೆ ಹೆಗಲು ಹುಣ್ಣು.
ಎರಡರ ನಡುವೆ ಒಂದು ತೂಕವಿತ್ತು,
ಹೆಸರಿರಲಿಲ್ಲ, ಅವಳ ಮೊಣಕೈಗೆ ಗೊತ್ತಿತ್ತು.
ಇಲ್ಲಿ ಅದನ್ನು ಬಾಲ್ ವೇಟ್ ಅನ್ನುತ್ತಾರೆ.
ಶೇಕಡಾ ಹತ್ತು ಅನ್ನುತ್ತಾರೆ.

ಗ್ಲೆನಿಸ್ ಮಾರಿಹೋದ ಕ್ಯಾರವಾನು, ಅವಳ ಹೂವಿನ ಪರದೆ ಸಮೇತ,
ಮೊದಲು ನೀಲಿಗೆ ಕಟ್ಟಿದೆವು.
ವಿತ್‌ಕಾಟಿನ ತನಕ ಇಳಿದು ತಿರುಗಿ ಘಟ್ಟ ಹತ್ತುವಾಗ
ಬೆಕ್ಕು ಕೂಗಿಕೊಂಡಿತು. ತಿರುವಿನಲ್ಲಿ ಮೂಗು ಹಗುರಾಗಿ
ಸ್ಟಿಯರಿಂಗ್ ನನ್ನ ಕೈಗೆ ಸಿಕ್ಕೂ ಸಿಗದ ಹಾಗೆ.
ಹಿಂದಿನಿಂದ ಲಾರಿಯ ದೀಪ.
ಹತ್ತಿತು. ಹತ್ತಲಿಲ್ಲವೆಂದಲ್ಲ.

ಮಧ್ಯಾಹ್ನ ಬಿಳಿ.
ವಿಠೋಬ ಕಣ್ಣು ಮುಚ್ಚಿ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟ,
ಬಸುರಿ ಎಮ್ಮೆಯ ಹೊಟ್ಟೆ ಮುಟ್ಟಿದ ಹಾಗೆ.
"ಈಗ ಗೇರು ಇಳೀತು... ಹ್ಞಾಂ, ಹಿಂದಿಂದ ತಳ್ತಾ ಇದೆ."
ಹದಿನಾಲ್ಕು ತಿಂಗಳು ಪಕ್ಕದ ಸೀಟಿನಿಂದ
ಅವನು ನನಗೆ ಹೇಳಿದ್ದು ಒಂದೇ ಮಾತು: ನಿಧಾನ.
ಅವತ್ತು ಅದನ್ನು ಹೇಳಲಿಲ್ಲ.

ಲೆಕ್ಕ ಮಾತ್ರ ನನ್ನ ಕಾಲು ಹಿಡಿದು ಎಳೆಯಿತು—
ನಾಲ್ಕು ವಾರದ ತಿರುಗಾಟಕ್ಕೆಂದು
ಉಳಿದ ನಲವತ್ತೆಂಟು ವಾರ ಡೀಸೆಲ್ ಕುಡಿಸುವುದೇ?
ಹಾಲು ಬ್ರೆಡ್ಡು ತರಲು ಲೋ ರೇಂಜು ಏಕೆ?
ಇದಕ್ಕೆ ಈಗಲೂ ನನ್ನಲ್ಲಿ ಉತ್ತರವಿಲ್ಲ.
ಬಿಳಿಯದಕ್ಕೇ ಸಹಿ ಹಾಕಿದೆ.

ಮನೆಯಂಗಳದಲ್ಲಿ ಬಚ್ಚಲಿನ ತೂಕದ ಯಂತ್ರ ತಂದು
ಹಲಗೆಯಿಟ್ಟು, ಮೂಕಿಯನ್ನು ಮೆಲ್ಲಗೆ ಇಳಿಸಿದೆವು.
"ಎಷ್ಟು?"
"ನೂರಾ ನಲವತ್ತಾರು."
ವಿಠೋಬ ತಡಕಾಡುತ್ತ ನೀರಿನ ಕ್ಯಾನೊಂದನ್ನು ಹಿಂದಕ್ಕೆ ಹೊತ್ತ.
"ಈಗ?"
"ನೂರಾ ಮೂವತ್ತೊಂದು."
"ಬೊಮ್ಮಕ್ಕ ಒಪ್ತಿದ್ಲಾ?"
ಕೈ ಹಾಕಿ ಎತ್ತಿ ನೋಡಲು ಹೋದೆ. ಆಗಲಿಲ್ಲ.
ನನ್ನ ಮೊಣಕೈಗೆ ಏನೂ ಗೊತ್ತಿಲ್ಲ.

ಅಂದಿನಿಂದ ಯಂತ್ರದ ಮುಳ್ಳು ಸೊನ್ನೆಗೆ ಮರಳಿಲ್ಲ.
ಯಾವಾಗ ನಿಂತರೂ ನಾಲ್ಕು ಕಿಲೋ ಹೆಚ್ಚು ತೋರಿಸುತ್ತದೆ.
ಇರಲಿ.
ಎಳೆಯುವವಳಿಗೂ ಸ್ವಲ್ಪ ಭಾರ ಬೇಕು.